ಕೇಳದೆ ತಂದ ಬಳ್ಳಿ

ನಮ್ಮ ಮನೆಯ ಪಕ್ಕದ ಶೆಡ್ಡಿನ ಮೇಲೆ ಒಂದು ಬಳ್ಳಿ ಇದೆ. ಒಂಬತ್ತು ವರ್ಷದಿಂದ ಇದೆ. ಇವತ್ತಿನವರೆಗೆ ಒಂದೇ ಒಂದು ಹೂ ಬಿಟ್ಟಿಲ್ಲ. ಅದು ಎಲ್ಲಿಂದ ಬಂತು ಎಂದು ಕೇಳಿದವರಿಗೆಲ್ಲ ನಾನು ಏಳು ವರ್ಷ ಒಂದೇ ಸುಳ್ಳು ಹೇಳಿಕೊಂಡು ಬಂದೆ. ಕರಿಕೆ ಕಡೆಯ ಒಬ್ಬ ಗಿರಾಕಿ ಕಾಡಿನಿಂದ ತಂದುಕೊಟ್ಟಳು, ಹೆಸರು ಗೊತ್ತಿಲ್ಲ ಎನ್ನುತ್ತಿದ್ದೆ. ಕುಶಾಲನಗರದ ಹತ್ತಿರದ ನಮ್ಮೂರಿಗೆ ಕರಿಕೆಯಷ್ಟು ದೂರದಿಂದ ರವಿಕೆ ಹೊಲಿಸಲು ಯಾರೂ ಬರುವುದಿಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ನನ್ನ ಯಜಮಾನರು ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ, ಶೆಡ್ಡು ಅವರದು. ಅವರ ಅಜ್ಜ ಹಾಸನದ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಆ ಜಮೀನು ಭಾಗವಾಗಿ, ಸ್ವಲ್ಪ ಹೊಲದ ಜೊತೆಗೆ ಮನೆ ಕಟ್ಟುವಷ್ಟು ಜಾಗ ಇಬ್ಬರು ಅಣ್ಣತಮ್ಮಂದಿರಿಗೆ ಅಕ್ಕಪಕ್ಕದಲ್ಲೇ ಬಂತು. ನಾವು ಮೊದಲು ಕಟ್ಟಿದೆವು. ನನ್ನ ಮೈದುನ ಆಗ ಪಾಲಿಬೆಟ್ಟದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಅವನೂ ನನ್ನ ಓರಗಿತ್ತಿಯೂ ಎಸ್ಟೇಟಿನವರು ಕೊಟ್ಟ ಮನೆಯಲ್ಲೇ ಇದ್ದರು. ಅವರು ಅಲ್ಲಿದ್ದಷ್ಟು ವರ್ಷ ಅತ್ತೆ ನಮ್ಮ ಜೊತೆ ಇದ್ದರು. ಹದಿನಾಲ್ಕು ವರ್ಷ ಅವರ ರೊಟ್ಟಿ, ಅವರ ಬಿಸಿನೀರು, ಅವರ ಮಂಡಿಗೆ ಎಣ್ಣೆ ನಾನೇ ನೋಡಿದೆ. ಒಳ್ಳೆಯ ಸೊಸೆ ಎಂದು ಅವರು ಯಾರ ಮುಂದೆಯೂ ಹೇಳಿದ್ದು ನಾನು ಕೇಳಿಲ್ಲ. ಅವರ ಸ್ವಭಾವವೇ ಹಾಗೆ, ಹೊಗಳುವವರಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆಮೇಲೆ ಮೈದುನ ಎಸ್ಟೇಟ್ ಕೆಲಸ ಬಿಟ್ಟು ಬಂದು ನಮ್ಮ ಪಕ್ಕದಲ್ಲೇ ಮನೆ ಕಟ್ಟಿದ. ಗೃಹಪ್ರವೇಶಕ್ಕೆಂದು ಆ ಮನೆಗೆ ಹೋದ ಅತ್ತೆ ಎರಡು ದಿನ ಇದ್ದು ಬರುತ್ತೇನೆ ಎಂದರು. ಆ ಎರಡು ದಿನ ಮುಗಿಯಲೇ ಇಲ್ಲ. ಒಂದು ಬೆಳಗ್ಗೆ ಓರಗಿತ್ತಿ ಬಂದು, "ಅಕ್ಕಾ, ಅತ್ತೆ ಅವರ ಕಂಬಳಿ ಕೇಳ್ತಾವ್ರೆ" ಎಂದಳು. ಕಂಬಳಿ ಮಡಿಸಿ ಕೊಟ್ಟೆ. ಮರುವಾರ ಎಲೆಯಡಿಕೆ ಡಬ್ಬಿ ಹೋಯಿತು, ಅದರ ಮರುವಾರ ಟ್ರಂಕು.

ಪಾಲಿಬೆಟ್ಟದಿಂದ ಸಾಮಾನು ತಂದ ಲಾರಿಯಲ್ಲಿ, ಹಳೆಯ ಪೇಂಟ್ ಡಬ್ಬಿಯೊಂದರಲ್ಲಿ ಓರಗಿತ್ತಿ ಒಂದು ಗಿಡ ತಂದಿದ್ದಳು. ಎಸ್ಟೇಟ್ ಬಂಗಲೆಯ ಮಾಲಿ ಅವಳಿಗೆ ಕಡ್ಡಿ ಬೇರು ಬರಿಸಿ ಕೊಟ್ಟದ್ದಂತೆ. ಅದನ್ನು ಅವಳು ಗೇಟಿನ ಪಕ್ಕ ನೆಟ್ಟಳು. ಎರಡನೇ ವರ್ಷ, ಚಳಿ ಬಿಡುವ ಹೊತ್ತಿಗೆ, ಗೇಟಿನ ಕಮಾನಿನ ತುಂಬ ಹೂ. ಅಂಥ ಹೂವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಂಗೈಯಗಲದ ಬಿಳಿ ಹೂ, ಓಲಗದ ಬಾಯಿಯ ಹಾಗೆ ಅರಳಿದ್ದು, ಗೊಂಚಲು ಗೊಂಚಲು. ಬೆಳಗ್ಗೆ ಬಾಗಿಲು ತೆಗೆದರೆ ಪರಿಮಳ ನಮ್ಮ ಅಡುಗೆಮನೆಯವರೆಗೆ ಬರುತ್ತಿತ್ತು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಬಂಗಲೆಯಿಂದ ಬಂದದ್ದಕ್ಕೆ ಬೀದಿಯವರೆಲ್ಲ ಬಂಗಲೆ ಹೂ ಎಂದರು.

ನನ್ನ ಗಿರಾಕಿಗಳು ಆ ಗೇಟನ್ನು ದಾಟಿಯೇ ನನ್ನ ಮನೆಗೆ ಬರಬೇಕು. ಅಳತೆ ಕೊಡಲು ಬಂದವರು ತೋಳು ಚಾಚಿ ನಿಂತುಕೊಂಡು, "ಏನ್ ಹೂ ಕಣಕ್ಕ ನಿಮ್ ಓರಗಿತ್ತಿ ಮನೇದು! ಫೋಟೋ ತಗೊಂಡು ಬಂದೆ, ಅದಕ್ಕೇ ಲೇಟಾಯ್ತು" ಎನ್ನುವರು. ಬೈಲಕುಪ್ಪೆಯ ಗುಡಿ ನೋಡಲು ಹೋಗುವ ಕಾರುಗಳೂ ಆ ಗೇಟಿನ ಮುಂದೆ ನಿಲ್ಲುತ್ತಿದ್ದವು. ಬಳ್ಳಿಯ ಕೆಳಗೆ ಅತ್ತೆಯ ಕುರ್ಚಿ. ಹೋಗುವವರು ಬರುವವರಿಗೆ ಅತ್ತೆ ಹೇಳುವುದು ನನ್ನ ಹೊಲಿಗೆ ಯಂತ್ರದ ಸದ್ದಿನ ಮಧ್ಯೆಯೂ ಕೇಳುತ್ತಿತ್ತು: "ನಮ್ಮ ಕಿರೀ ಸೊಸೆ ನೆಟ್ಟಿದ್ದು ಕಣವ್ವ. ಅವಳ ಕೈಗುಣ."

ಹೊಗಳಲು ಬಾರದ ಅತ್ತೆ ಇವರೇನಾ ಅನ್ನಿಸಿತು. ಆ ದಿನ ಒಂದು ರವಿಕೆಯ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಬಿಟ್ಟೆ.

ಓರಗಿತ್ತಿ ಕೆಟ್ಟವಳಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಆ ಹೂಗಾಲದಲ್ಲೇ ಒಂದು ಸಂಜೆ, ಬೀದಿಯ ನಾಲ್ಕೈದು ಹೆಂಗಸರು ಅವಳ ಗೇಟಿನಲ್ಲಿ ನಿಂತಿದ್ದಾಗ ನಾನೂ ಅಲ್ಲಿದ್ದೆ. ಅವಳು ನನ್ನ ಕಡೆ ತಿರುಗಿ, "ಅಕ್ಕಾ, ನಿಮಗೂ ಒಂದು ಕಡ್ಡಿ ಬೇರು ಬರಿಸಿ ಕೊಡ್ಲಾ?" ಎಂದಳು. ಬೇಕು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಜನರ ಮುಂದೆ ಅವಳು ಕೊಡುವವಳು, ನಾನು ಕೈಯೊಡ್ಡುವವಳು ಆಗುವುದು ನನ್ನಿಂದ ಆಗಲಿಲ್ಲ.

"ಬ್ಯಾಡ ಕಣವ್ವ," ಎಂದೆ. "ನಮ್ಮನೇಲಿ ಜಾಗ ಎಲ್ಲಿದೆ? ಉದುರಿದ್ದನ್ನ ಗುಡಿಸೋರು ಯಾರು?"

"ಸರಿ ಬಿಡಿ ಅಕ್ಕ," ಎಂದಳು. ಮತ್ತೆ ಕೇಳಲಿಲ್ಲ. ಇನ್ನೊಂದು ಸಲ, ಒಬ್ಬಳೇ ಇದ್ದಾಗ ಕೇಳಬಹುದು ಎಂದು ನಾನು ಎಷ್ಟೋ ದಿನ ಕಾದೆ.

ಮರುವರ್ಷ ಚಳಿಗಾಲದಲ್ಲಿ ಅವಳ ಬಳ್ಳಿಯಲ್ಲಿ ಕಾಯಿ ಕಂಡಿತು. ಮರದ ತುಂಡಿನ ಹಾಗೆ ಗಟ್ಟಿಯಾದ, ಗೇಣುದ್ದದ ಎರಡು ಕಾಯಿ. ಒಂದು ನಮ್ಮ ಬೇಲಿಯ ಕಡೆಗೇ ಇತ್ತು, ಆದರೆ ಕೈಗೆ ಸಿಗುವಷ್ಟು ಹತ್ತಿರವಲ್ಲ. ದಿನವೂ ಅದನ್ನು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಓರಗಿತ್ತಿ ಕುಶಾಲನಗರಕ್ಕೆ ಹೋಗಿದ್ದಳು. ಮೈದುನ ಹೊಲದಲ್ಲಿದ್ದ. ಅತ್ತೆ ಜಗಲಿಯ ಮಂಚದ ಮೇಲೆ ಮುಖಕ್ಕೆ ಸೆರಗು ಹೊದ್ದು ಮಲಗಿದ್ದರು. ನಾನು ಗೇಟು ತೆಗೆದು ಒಳಗೆ ಹೋದೆ. ಯಾರಾದರೂ ಕೇಳಿದರೆ ಅತ್ತೆಯನ್ನು ನೋಡಲು ಬಂದೆ ಎನ್ನುವುದೆಂದು ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಕುರ್ಚಿಯ ಮೇಲೆ ಹತ್ತಿ ಕಾಯಿ ತಿರುಚಿದೆ. ತೊಟ್ಟು ಬಲವಾಗಿತ್ತು. ಮುರಿದಾಗ ಹಾಲು ಸೋರಿ ಮೊಣಕೈಯವರೆಗೆ ಇಳಿಯಿತು. ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಆ ಸೀರೆಯ ಕಲೆ ಹೋಗಲಿಲ್ಲ.

ಕಾಯಿಯನ್ನು ಅಡುಗೆಮನೆಯ ಅಟ್ಟದ ಮೇಲೆ ಒಣಗಲು ಇಟ್ಟೆ. ಒಂದು ಬೆಳಗ್ಗೆ ನಾವು ತಿಂಡಿ ತಿನ್ನುತ್ತಿರುವಾಗ ಅದು ಸಿಡಿದು ಬಿಚ್ಚಿಕೊಂಡಿತು. ಒಳಗಿನಿಂದ ರೇಷ್ಮೆಯಂಥ ಬಿಳಿ ಕೂದಲು, ಒಂದೊಂದು ಕುಚ್ಚಿಗೆ ಒಂದೊಂದು ಬೀಜ, ಮನೆಯ ತುಂಬ ಹಾರಾಡಿದವು. ಯಜಮಾನರ ಕಾಫಿ ಲೋಟದಲ್ಲಿ ಒಂದು ಬಿತ್ತು.

"ಏನೇ ಇದು? ಬೂರುಗದ ಹತ್ತಿಯಾ?"

"ಹೂಂ. ದಿಂಬಿಗೆ ತಂದಿದ್ದೆ."

"ಒಂದು ಕಾಯಲ್ಲಿ ಯಾರ ತಲೆಗೆ ದಿಂಬು ಮಾಡ್ತೀಯೆ?"

ಅವರು ಮತ್ತೆ ಕೇಳಲಿಲ್ಲ. ಮೋಟರಿನ ವಿಷಯ ಬಿಟ್ಟರೆ ಯಾವುದನ್ನೂ ಎರಡನೇ ಸಲ ಕೇಳುವವರಲ್ಲ ಅವರು. ನಾನು ಮೊಣಕಾಲೂರಿ ಬೀಜಗಳನ್ನೆಲ್ಲ ಆರಿಸಿದೆ. ಹಾಲಿನ ಪ್ಯಾಕೆಟ್ಟುಗಳಿಗೆ ಮಣ್ಣು ತುಂಬಿ ಹಾಕಿದೆ. ಹನ್ನೆರಡರಲ್ಲಿ ನಾಲ್ಕು ಮೊಳೆತವು, ಒಂದು ಉಳಿಯಿತು. ಅದನ್ನು ಶೆಡ್ಡಿನ ಹಿಂದೆ, ಓರಗಿತ್ತಿಯ ಮನೆಗೆ ಕಾಣದ ಮೂಲೆಯಲ್ಲಿ ನೆಟ್ಟೆ.

ಅದು ಬೆಳೆದ ಬೆಳವಣಿಗೆ ಏನೆಂದು ಹೇಳಲಿ! ಕೊಟ್ಟಿಗೆ ಗೊಬ್ಬರ ಹಾಕಿದೆ, ಕೋಳಿ ಗೊಬ್ಬರ ಹಾಕಿದೆ, ಯಜಮಾನರು ಜೋಳಕ್ಕೆ ತಂದ ಯೂರಿಯಾದಲ್ಲಿ ಎರಡು ಹಿಡಿ ಕದ್ದು ಹಾಕಿದೆ. ಮೂರನೇ ವರ್ಷಕ್ಕೆ ಶೆಡ್ಡಿನ ಶೀಟು ಪೂರ್ತಿ ಮುಚ್ಚಿತು. ಗೇಣುದ್ದದ ಹಸಿರು ಎಲೆ, ಕೆಂಚು ಬಣ್ಣದ ಚಿಗುರು. ಚಿಗುರು ಶೀಟಿನ ಸಂದಿಗೆ ನುಗ್ಗಿ ಒಳಗೆ ಇಣುಕಿತು. ಯಜಮಾನರು ಮೋಟರಿಗೆ ತಂತಿ ಸುತ್ತುತ್ತ ಕೂತರೆ ತಲೆಗೆ ತಾಗುವುದು. ಪ್ರತಿ ವರ್ಷ ಆಯುಧಪೂಜೆಗೆ ಶೆಡ್ಡು ತೊಳೆದು ಸುಣ್ಣ ಹೊಡೆಯುವ ಮೊದಲು ನಾನು ಏಣಿ ಹತ್ತಿ ಅದನ್ನೆಲ್ಲ ಸವರಿ, ತಲೆ ಕೂದಲು ಕತ್ತರಿಸಿದ ಹಾಗೆ ನುಣ್ಣಗೆ ಮಾಡಿಡುತ್ತಿದ್ದೆ. ಹಬ್ಬಕ್ಕೆ ಬಂದವರು, "ಎಷ್ಟು ಚೊಕ್ಕವಾಗಿ ಇಟ್ಟಿದ್ದೀರಿ" ಎನ್ನುತ್ತಿದ್ದರು.

ಹೂ ಮಾತ್ರ ಇಲ್ಲ. ಮೂರನೇ ವರ್ಷ ಇಲ್ಲ, ನಾಲ್ಕನೇ ವರ್ಷ ಇಲ್ಲ, ಐದು, ಆರು. ಪಕ್ಕದಲ್ಲಿ ಮೊಗ್ಗು ಕಂಡ ದಿನದಿಂದ ನಾನು ಏಣಿ ಹಾಕಿ ನನ್ನ ಬಳ್ಳಿಯ ತುದಿಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಿದ್ದೆ. ಎಲೆ, ಎಲೆ, ಮತ್ತೆ ಎಲೆ. ಪಕ್ಕದಲ್ಲಿ ಗೊಂಚಲು ಎಣಿಸುವುದನ್ನೂ ಬಿಡುತ್ತಿರಲಿಲ್ಲ. ಗಾಳಿಗೆ ಅವಳ ಹೂಗಳು ನಮ್ಮ ಅಂಗಳಕ್ಕೆ ಬಿದ್ದರೆ ಪೊರಕೆಯಿಂದ ಬೇಲಿಯ ಸಂದಿಯಲ್ಲಿ ಅವಳ ಕಡೆಗೇ ತಳ್ಳುತ್ತಿದ್ದೆ. ಹೂಗಾಲ ಮುಗಿಯುವವರೆಗೆ ಆ ಕಡೆಯ ಕಿಟಕಿ ತೆರೆಯುತ್ತಿರಲಿಲ್ಲ. ಸೆಕೆಯಲ್ಲಿ ಬೆವರುತ್ತ ಹೊಲಿಯುತ್ತಿದ್ದೆ. ಈಗ ಹೇಳುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಯಾರನ್ನಾದರೂ ಕೇಳಬಹುದಿತ್ತು. ಆದರೆ ಆ ಬಳ್ಳಿಯ ಬಗ್ಗೆ ಗೊತ್ತಿದ್ದವಳು ನಮ್ಮ ಬೀದಿಯಲ್ಲಿ ಒಬ್ಬಳೇ.

ಮೂರು ವರ್ಷದ ಹಿಂದೆ, ಪಕ್ಕದ ಬಳ್ಳಿ ಪೂರ್ತಿ ಅರಳಿದ್ದ ವಾರದಲ್ಲೇ ಅತ್ತೆ ಹೋದರು. ಬೆಳಗ್ಗೆ ಕಾಫಿ ಕೊಡಲು ಎಬ್ಬಿಸಿದರೆ ಏಳಲಿಲ್ಲ. ಜಗಲಿಯಲ್ಲಿ ಮಲಗಿಸಿದ್ದರು. ನಾನು ಅವರ ಕಾಲ ಬಳಿ ಕೂತು ಅಳುತ್ತಿದ್ದೆ. ನಿಜವಾದ ಅಳುವೇ ಅದು. ಹದಿನಾಲ್ಕು ವರ್ಷ ತಿಕ್ಕಿದ ಕಾಲುಗಳು. ಆಗ ಓರಗಿತ್ತಿ ತನ್ನ ಬಳ್ಳಿಯಿಂದ ಎರಡು ಬುಟ್ಟಿ ಹೂ ಕೊಯ್ದು ತಂದು ಅತ್ತೆಯ ಎದೆಯಿಂದ ಪಾದದವರೆಗೆ ಹರಡಿದಳು. ಬಂದವರೆಲ್ಲ, "ಪುಣ್ಯವಂತೆ, ಎಂಥಾ ಹೂವಲ್ಲಿ ಹೋಗ್ತಾವ್ರೆ" ಎಂದರು. ನನ್ನ ಅಳು ಅಲ್ಲೇ ನಿಂತಿತು. ನಾನು ನೋಡುತ್ತಿದ್ದ ಪಾದಗಳ ಮೇಲೂ ಅವಳ ಹೂವೇ. ನನ್ನದು ಬಿಟ್ಟಿದ್ದರೆ ಒಂದು ಗೊಂಚಲಾದರೂ ನಾನು ತಂದು ಇಡುತ್ತಿದ್ದೆನಲ್ಲ ಎಂದು, ಅತ್ತೆಯ ಮುಖ ನೋಡುವುದು ಬಿಟ್ಟು ಅದನ್ನೇ ಯೋಚಿಸಿದೆ. ನನ್ನ ಬಗ್ಗೆ ನನಗೇ ಅಸಹ್ಯವಾದ ದಿನ ಅದು. ಆದರೂ ಆ ಯೋಚನೆ ಹೋಗಲಿಲ್ಲ.

ಮರುವರ್ಷ, ಚಳಿ ಮುಗಿಯುವ ಸಮಯದಲ್ಲಿ, ಗಾಳಿ ಬಂದ ಒಂದು ದಿನ ಶೆಡ್ಡಿಗೆ ಬರುವ ವೈರಿನಲ್ಲಿ ಕಿಡಿ ಹಾರಿತು. ಬಳ್ಳಿ ವೈರಿಗೆ ಸುತ್ತಿಕೊಂಡು ಕಂಬದವರೆಗೆ ಹೋಗಿತ್ತು. ಲೈನ್‌ಮನ್ ಬಂದು ನೋಡಿ, "ಅಮ್ಮಾ, ಮಳೆಗಾಲಕ್ಕೆ ಮುಂಚೆ ಇದನ್ನ ಸವರಿಸಿ. ಇಲ್ದಿದ್ರೆ ನಾವೇ ಬಂದು ಬುಡಕ್ಕೇ ಹಾಕ್ತೀವಿ" ಎಂದ. "ಯಾವ ಬಳ್ಳಿ ಇದು? ಹೂನೂ ಇಲ್ಲ, ಕಾಯೂ ಇಲ್ಲ."

ಯಜಮಾನರು, "ಬುಡಕ್ಕೇ ಹಾಕೋದು ಒಳ್ಳೇದು" ಎಂದರು.

ನನಗೆ ಅದರ ಹೆಸರಾದರೂ ತಿಳಿಯಬೇಕಿತ್ತು. ಇಷ್ಟು ವರ್ಷ ಸಾಕಿದ್ದು ನಿಜವಾಗಿ ಬಂಗಲೆ ಹೂವೇ ಹೌದೋ ಅಲ್ಲವೋ ಎಂಬ ಅನುಮಾನವೂ ಹುಟ್ಟಿತ್ತು. ಮೊಳಕೆಯ ಕಾಲದಲ್ಲಿ ಪ್ಯಾಕೆಟ್ಟಿನಲ್ಲಿ ಬೇರೆ ಯಾವುದೋ ಬೀಜ ಮೊದಲೇ ಇದ್ದಿರಬಹುದಲ್ಲ? ಫೋನಿನಲ್ಲಿ ಎಲೆಯ ಫೋಟೋ ತೆಗೆದು ಹೆಸರು ಹುಡುಕುವುದನ್ನು ಒಬ್ಬ ಗಿರಾಕಿ ಹೇಳಿಕೊಟ್ಟಳು. ಒಂದು ಸಲ ರಬ್ಬರ್ ಗಿಡ ಎಂದಿತು, ಒಂದು ಸಲ ಸೀಬೆ, ಇನ್ನೊಂದು ಸಲ ಯಾವುದೋ ಕಾಡುಬಳ್ಳಿ. ಕೊನೆಗೆ ಚಿಗುರಿರುವ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಅಂಗಡಿಗೆ ಹೋಗುವುದಾಗಿ ಹೇಳಿ, ಬಸ್ಸು ಹತ್ತಿದೆ. ಕುಶಾಲನಗರದ ನರ್ಸರಿಗೆ ಹೋಗಲಿಲ್ಲ. ಅಲ್ಲಿ ಓರಗಿತ್ತಿಯನ್ನು ಬಲ್ಲವರಿದ್ದಾರೆ. ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಮೂರ್ನಾಡಿಗೆ ಹೋದೆ.

ಅಲ್ಲಿ ರಸ್ತೆ ಪಕ್ಕ ಮಲಯಾಳಿ ಒಬ್ಬರ ಸಣ್ಣ ನರ್ಸರಿ ಇದೆ. ವಯಸ್ಸಾದವರು. ಅವರು ತುಂಡನ್ನು ಕೈಗೆ ತೆಗೆದುಕೊಂಡು ಎಲೆ ಮುರಿದು ಹಾಲು ನೋಡಿದರು, ಚಿಗುರಿನ ಕೆಂಚು ರೋಮವನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಹೂ ಇಲ್ದೆ ಹೇಳೋದು ಕಷ್ಟ ಅಮ್ಮ. ಕಾಡಲ್ಲಿ ಇದೇ ಥರ ಇನ್ನೊಂದು ಉಂಟು. ಆದ್ರೆ ಇದು ಬಂಗಲೆದು ಅಂತ ಕಾಣ್ತದೆ. ಬಿಳೀ ದೊಡ್ಡ ಹೂ, ಅಲ್ವಾ? ಕೆಲವರು ಈಸ್ಟರ್ ಲಿಲಿ ಬಳ್ಳಿ ಅಂತಾರೆ. ಬ್ಯೂಮಾಂಟಿಯಾ ಅಂತ ಹೆಸರು."

"ನನ್ನದು ಹೂ ಬಿಟ್ಟೇ ಇಲ್ಲ. ಏಳು ವರ್ಷ ಆಯ್ತು."

"ಕಡ್ಡಿದಾ, ಬೀಜದ್ದಾ?"

"ಬೀಜದ್ದು."

ಅವರು ನಕ್ಕುಬಿಟ್ಟರು. "ಬೀಜದ್ದು ಯಾಕೆ ಹಾಕಿದ್ರಿ? ಬೀಜದ ಗಿಡ ಹತ್ತು ವರ್ಷಾನೂ ಸುಮ್ನೆ ಬೆಳೀತದೆ, ಹದಿನೈದೂ ಆಗಬಹುದು. ಹೂ ಬಿಡೋ ಬಳ್ಳಿಯ ಕಡ್ಡಿ ಆದ್ರೆ ಎರಡನೇ ವರ್ಷ ಹೂ. ಬೀಜ ಕೊಟ್ಟೋರು ಕಡ್ಡಿ ಕೊಡ್ತಿರ್ಲಿಲ್ವಾ?"

ನಾನು ಒದ್ದೆ ಬಟ್ಟೆಯನ್ನು ಮಡಿಸತೊಡಗಿದೆ.

"ಸವರೋದು ಯಾವಾಗ?"

"ಆಯುಧಪೂಜೆಗೆ ಮುಂಚೆ. ಪ್ರತಿ ವರ್ಷ."

"ಅಯ್ಯೋ! ಮಳೆಗಾಲದಲ್ಲಿ ಬೆಳೆದ ಕೊಂಬೆಯಲ್ಲೇ ಅಲ್ವಾ ಹೂ ಬರೋದು? ಅದನ್ನೇ ಕಡಿದ್ರೆ ಹೂ ಎಲ್ಲಿ ಕೂರ್ತದೆ? ಹೂಗಾಲ ಮುಗಿದ ಮೇಲೆ ಸವರ್ಬೇಕು. ಗೊಬ್ಬರ?"

ಗೊಬ್ಬರದ ಕಥೆಯನ್ನೂ ಹೇಳಿದೆ. ಅವರು ತಲೆ ಆಡಿಸಿದರು. "ಹೊಟ್ಟೆ ತುಂಬಿದ್ರೆ ಎಲೆಯೇ ಬರ್ತದೆ. ನಿಲ್ಲಿಸಿ. ಮತ್ತೆ, ಹತ್ತಿರದಲ್ಲಿ ಹೂ ಬಿಡೋದು ಎಲ್ಲಾದ್ರೂ ಉಂಟಾ? ಇದ್ರೆ ಎಲೆ ಹೋಲಿಸಿ ನೋಡಿ, ಅದೇ ಆದ್ರೆ ಒಂದು ಕಡ್ಡಿ ಕೇಳಿ ತಗೊಳ್ಳಿ. ಕೇಳಿದ್ರೆ ಯಾರೂ ಇಲ್ಲ ಅನ್ನೋದಿಲ್ಲ."

ಬಸ್ಸಿನಲ್ಲಿ ಬರುವಾಗ ಅವರು ಹೇಳಿದ್ದನ್ನೇ ಮೆಲುಕು ಹಾಕಿದೆ. ಮೂರು ಕಾರಣ ಹೇಳಿದ್ದರು; ಮೂರಕ್ಕೂ ನಾನೇ ಕಾರಣ. ಅವಳು ಕೊಡುತ್ತೇನೆ ಎಂದ ಕಡ್ಡಿಯನ್ನು ಬೇಡ ಎಂದವಳು ನಾನು. ಅವಳು ಯಾವಾಗ ಸವರುತ್ತಾಳೆ, ಏನು ಹಾಕುತ್ತಾಳೆ ಎಂದು ಒಂದು ಮಾತು ಕೇಳದವಳೂ ನಾನೇ. ಮನೆಗೆ ಬಂದು, ಅಂಗಳದಲ್ಲಿ ಬಿದ್ದಿದ್ದ ಅವಳ ಬಳ್ಳಿಯ ಎಲೆಯೊಂದನ್ನು ಎತ್ತಿಕೊಂಡೆ. ಹೊಲಿಗೆ ಮೇಜಿನ ಮೇಲೆ ನನ್ನದರ ಪಕ್ಕ ಇಟ್ಟು, ಅಳತೆ ಪಟ್ಟಿಯಿಂದ ಅಳೆದೆ, ನರ ಎಣಿಸಿದೆ. ಒಂದೇ ಬಳ್ಳಿ. ಬೇರೆ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ತಪ್ಪು ಗಿಡದ ಮೇಲೆ ಹಾಕಿ ಕಡಿದು ಬಿಸಾಡಬಹುದಿತ್ತು.

ಕೇಳಲು ಆಗಲೂ ಹೋಗಲಿಲ್ಲ. ಪಕ್ಕದ ಹೂಗಾಲ ಮುಗಿಯುವವರೆಗೆ ಕಾದೆ. ಯುಗಾದಿ ಕಳೆದು ಒಂದು ಬೆಳಗ್ಗೆ ಓರಗಿತ್ತಿ ಗಂಡನ ಹಳೆಯ ತುಂಬುತೋಳಿನ ಶರ್ಟು ಹಾಕಿಕೊಂಡು, ತಲೆಗೆ ಟವೆಲ್ ಕಟ್ಟಿ, ಎಸ್ಟೇಟಿನಿಂದ ತಂದ ದೊಡ್ಡ ಕತ್ತರಿ ಹಿಡಿದು ಗೇಟಿನ ಬಳಿ ನಿಂತಳು. ನಾನು ಕಿಟಕಿಯ ಪರದೆ ಸರಿಸಿ ನೋಡಿದೆ. ಅವಳು ದಪ್ಪ ಬಳ್ಳಿಗಳನ್ನು ಮುಟ್ಟಲೇ ಇಲ್ಲ. ಹೂ ಬಿಟ್ಟು ಮುಗಿದ ಕೊಂಬೆಗಳನ್ನು ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿದಳು, ಒಣಗಿದ್ದನ್ನು ತೆಗೆದಳು, ಒಂದಕ್ಕೊಂದು ಸುತ್ತಿಕೊಂಡಿದ್ದನ್ನು ಬಿಡಿಸಿ ಕಟ್ಟಿದಳು. ಕೈ ಎಷ್ಟು ಸಲೀಸಾಗಿ ಹೋಗುತ್ತಿತ್ತೆಂದರೆ ನೋಡುತ್ತ ನೋಡುತ್ತ ನನಗೆ ಕೋಪವೇ ಬಂತು. ಮರುದಿನ ನಾನೂ ಏಣಿ ಹಾಕಿದೆ.

ಮಾಡುವುದು ನೋಡಿದಷ್ಟು ಸುಲಭವಲ್ಲ. ನನ್ನ ಬಳ್ಳಿಯಲ್ಲಿ ಯಾವುದು ಬುಡ ಯಾವುದು ತುದಿ ತಿಳಿಯುತ್ತಿರಲಿಲ್ಲ. ಹೊಲಿಗೆ ಕತ್ತರಿಗೆ ಬಗ್ಗುತ್ತಿರಲಿಲ್ಲ, ಕತ್ತಿಯಲ್ಲಿ ಹೊಡೆದರೆ ಹಾಲು ಕಣ್ಣಿಗೆ ಹಾರುತ್ತಿತ್ತು. ಶೀಟಿನ ಮೇಲಿನ ದೊಡ್ಡ ಗಂಟನ್ನು ಎಳೆಯಲು ಹೋಗಿ ಏಣಿ ಜಾರಿತು. ಬೀಳಲಿಲ್ಲ. ಬಳ್ಳಿಯನ್ನೇ ಹಿಡಿದು ಒಂದು ಕಾಲು ಗಾಳಿಯಲ್ಲಿ ನೇತಾಡುತ್ತ ಕೂಗಿದೆ. ಯಜಮಾನರು ಕುಶಾಲನಗರಕ್ಕೆ ಹೋಗಿದ್ದರು. ಓಡಿ ಬಂದವಳು ಓರಗಿತ್ತಿ.

ಏಣಿ ಎತ್ತಿ ಇಟ್ಟು, ನನ್ನ ಪಾದ ಹಿಡಿದು ಮೆಟ್ಟಿಲ ಮೇಲೆ ಇಡಿಸಿ ಇಳಿಸಿದಳು. ನೀರು ಕೊಟ್ಟಳು. ಆಮೇಲೆ ಬಳ್ಳಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಕತ್ತೀಲಿ ಕಡೀಬೇಡಿ ಅಕ್ಕ, ಸೀಳ್ತದೆ. ಇರಿ, ಕತ್ತರಿ ತರ್ತೀನಿ."

ತಂದಳು. ಏಣಿ ಹತ್ತಿದಳು. ನಾನು ಕೆಳಗೆ ನಿಂತು ಕತ್ತರಿಸಿದ್ದನ್ನು ಎಳೆದು ಹಾಕುತ್ತಿದ್ದೆ. ಅವಳಿಗೆ ಗೊತ್ತಾಗದೆ ಇರಲು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಪಾಲಿಬೆಟ್ಟದಿಂದ ಬಂದಾಗಿನಿಂದ ಅದೇ ಎಲೆಯನ್ನು ಮುಟ್ಟಿದವಳು. ಕೊನೆಗೆ ನನ್ನಿಂದ ತಡೆಯಲಾಗಲಿಲ್ಲ.

"ಇದು ಕರಿಕೆದಲ್ಲ," ಎಂದೆ. "ನಿನ್ನ ಬಳ್ಳಿ ಕಾಯಿ ಕಿತ್ಕೊಂಡು ಬಂದು ಹಾಕಿದ್ದು. ನೀನು ಇಲ್ದಾಗ."

ಅವಳು ಕತ್ತರಿ ನಿಲ್ಲಿಸಲಿಲ್ಲ. "ಗೊತ್ತು ಅಕ್ಕ."

"ಎಲೆ ನೋಡಿ ಗೊತ್ತಾಯ್ತಾ?"

"ಇಲ್ಲ. ಅವತ್ತೇ ಗೊತ್ತಾಯ್ತು. ಅತ್ತೆ ಹೇಳಿದ್ರು."

"ಅತ್ತೆ ನಿದ್ದೆ ಮಾಡ್ತಿದ್ರು."

"ಸೆರಗಿನ ಒಳಗಿಂದ ನೋಡಿದ್ರಂತೆ. ನಾನು ಬಂದ ತಕ್ಷಣ ಕರೆದು ಹೇಳಿದ್ರು. 'ನಿನ್ನಕ್ಕ ಕಾಯಿ ತಗೊಂಡ್ಲು ಕಣ ಮಗಾ. ನೀನು ಕೇಳಕ್ಕೆ ಹೋಗಬ್ಯಾಡ. ಕೇಳಿದ್ರೆ ಗಿಡಾನೇ ಕಿತ್ತು ಬಿಸಾಕ್ತಾಳೆ. ಅವಳ ಸ್ವಭಾವ ನಂಗೊತ್ತು. ಬೆಳೀಲಿ ಬುಡು' ಅಂದ್ರು." ಒಂದು ಕೊಂಬೆ ಕೆಳಗೆ ಬಿತ್ತು. "ಕಡ್ಡಿ ಕೊಡ್ಲಾ ಅಂತ ಮತ್ತೆ ಕೇಳೋಣ ಅಂತ ಎಷ್ಟೋ ಸಲ ಅನ್ನಿಸ್ತು. ಕೇಳಿದ್ರೆ ನಂಗೆ ಗೊತ್ತಿದೆ ಅಂತ ನಿಮಗೆ ತಿಳೀತದಲ್ಲ. ಅದಕ್ಕೇ ಸುಮ್ನಾದೆ."

ನಾಚಿಕೆಯಾಯಿತು, ನಿಜ. ಆದರೆ ಮೊದಲು ಬಂದದ್ದು ನಾಚಿಕೆಯಲ್ಲ. ನನ್ನ ಗುಟ್ಟೊಂದನ್ನು ಅವರಿಬ್ಬರೂ ಸೇರಿ ಅಷ್ಟು ವರ್ಷ ಕಾಪಾಡಿದ್ದರು. ಅತ್ತೆ ಅದನ್ನು ಹೇಳಲು ಆರಿಸಿಕೊಂಡದ್ದು ಅವಳನ್ನು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಸ್ವಲ್ಪ ಹೊತ್ತಾದ ಮೇಲೆ, ಕತ್ತರಿಸಿದ ಬಳ್ಳಿಗಳನ್ನು ರಾಶಿ ಹಾಕುತ್ತಿರುವಾಗ, 'ಅವಳ ಸ್ವಭಾವ ನಂಗೊತ್ತು' ಎಂದ ಮಾತು ಮತ್ತೆ ಕೇಳಿಸಿದ ಹಾಗಾಯಿತು. ಹದಿನಾಲ್ಕು ವರ್ಷ ಜೊತೆಗಿದ್ದದ್ದಕ್ಕೆ ಗೊತ್ತಿರುವ ಮಾತು ಅದು. ನಾನು ಬಾವಿಕಟ್ಟೆಯ ಹಿಂದೆ ಹೋಗಿ, ಅತ್ತೆ ಸತ್ತ ದಿನ ಅರ್ಧಕ್ಕೆ ನಿಂತಿದ್ದ ಅಳುವನ್ನು ಅತ್ತು ಮುಗಿಸಿ ಬಂದೆ. ಓರಗಿತ್ತಿ ನನ್ನ ಮುಖ ನೋಡಿದಳು.

"ಸುಸ್ತಾಯ್ತಾ ಅಕ್ಕ?"

"ಇಲ್ಲ. ನಂಗೊಂದು ಕಡ್ಡಿ ಕೊಡ್ತೀಯಾ?"

ಅವಳು ಕಡ್ಡಿ ಕೊಡಲಿಲ್ಲ, ಗೂಟಿ ಕಟ್ಟಿದಳು. ಅವಳ ಬಳ್ಳಿಯ ಒಂದು ಒಳ್ಳೆಯ ಕೊಂಬೆಯ ಸಿಪ್ಪೆ ಸುಲಿದು, ಮಣ್ಣು ಪಾಚಿ ಮೆತ್ತಿ ಪ್ಲಾಸ್ಟಿಕ್ ಸುತ್ತಿ, ಮಳೆ ಹಿಡಿದ ಮೇಲೆ ಬೇರು ಬಂದದ್ದನ್ನು ನೋಡಿ ಕತ್ತರಿಸಿ ತಂದುಕೊಟ್ಟಳು. ಅದನ್ನು ಮನೆಯ ಮುಂದೆ, ಬಿಸಿಲು ಬೀಳುವಲ್ಲಿ ನೆಟ್ಟೆ. ನೆಟ್ಟು ಎರಡನೇ ಹೂಗಾಲಕ್ಕೆ, ಅಂದರೆ ಈ ವರ್ಷ, ಅದರಲ್ಲಿ ಮೂರು ಗೊಂಚಲು ಹೂ ಬಂತು. ಮೂರೇ. ಓರಗಿತ್ತಿಯ ಗೇಟಿನಲ್ಲಿ ಎಣಿಸಲು ಆಗದಷ್ಟಿತ್ತು. ನೋಡಲು ಬಂದವಳು, "ಮೊದಲನೇ ವರ್ಷಕ್ಕೆ ಜಾಸ್ತೀನೇ ಅಕ್ಕ, ನಂದು ಮೊದಲ ಸಲ ಇಷ್ಟು ದೊಡ್ಡ ಹೂ ಬಿಟ್ಟಿರಲಿಲ್ಲ" ಎಂದಳು. ಅದು ನಿಜವೋ ನನ್ನ ಸಮಾಧಾನಕ್ಕೋ ಗೊತ್ತಿಲ್ಲ. ನನಗಂತೂ ಆ ದಿನವೆಲ್ಲ ಅದನ್ನು ಯಾರಿಗೆ ಹೇಳಲಿ ಎನ್ನುವ ಹಾಗಾಗಿತ್ತು. ಸಂಜೆ ಅಳತೆಗೆ ಬಂದ ಹೆಂಗಸಿಗೆ ಹೇಳಿಯೇ ಬಿಟ್ಟೆ.

ಶೆಡ್ಡಿನ ಮೇಲಿನ ಬೀಜದ ಬಳ್ಳಿಯನ್ನು ಕಡಿಯಲಿಲ್ಲ. ವೈರಿನಿಂದ ದೂರ ತಿರುಗಿಸಿ ಕಟ್ಟಿದ್ದೇವೆ. ಆಯುಧಪೂಜೆಗೆ ಅದರ ಸುದ್ದಿಗೆ ಹೋಗುವುದಿಲ್ಲ. ಯುಗಾದಿ ಆದ ಮೇಲೆ ಇಬ್ಬರೂ ಸೇರಿ ಸವರುತ್ತೇವೆ. ಅವಳು ಹೇಳಿದ ಕಡೆ ನಾನು ಕತ್ತರಿಸುವುದಿಲ್ಲ, ನಾನು ಹೇಳಿದ ಕಡೆ ಅವಳು ಕತ್ತರಿಸುವುದಿಲ್ಲ. ಬಳ್ಳಿ ಇನ್ನೂ ಹೂ ಬಿಟ್ಟಿಲ್ಲ. ಯಜಮಾನರು ಈಗ ಅದರ ನೆರಳಿಗೆ ಒಗ್ಗಿಕೊಂಡಿದ್ದಾರೆ.

ನನ್ನ ಹೊಟ್ಟೆಕಿಚ್ಚು ಹೋಯಿತು ಎಂದರೆ ಸುಳ್ಳಾಗುತ್ತದೆ. ಮೊನ್ನೆ ಓರಗಿತ್ತಿ ತವರಿಗೆ ಹೋಗಿ ಬರುವಾಗ ಒಂದು ಹೊಸ ಗಿಡ ತಂದಳು. ನೇರಳೆ ಬಣ್ಣದ ಹೂವಿನದಂತೆ, ಎಲೆ ಹಿಚುಕಿದರೆ ಬೆಳ್ಳುಳ್ಳಿ ವಾಸನೆ. ಅವಳು ಅದನ್ನು ಕಾಂಪೌಂಡಿನ ಪಕ್ಕ ನೆಡುತ್ತಿರುವುದು ಕಂಡಿತು. ಎದೆಯಲ್ಲಿ ಆ ಹಳೆಯ ಚುರುಕು ಎದ್ದಿತು. ಹೊಲಿಯುತ್ತಿದ್ದ ಬಟ್ಟೆಯನ್ನು ಯಂತ್ರದಲ್ಲೇ ಬಿಟ್ಟು ನೇರ ಅವಳ ಅಂಗಳಕ್ಕೆ ಹೋದೆ.

"ನಂಗೂ ಒಂದು ಕಡ್ಡಿ ಬೇಕು."

"ಅಯ್ಯೋ ಅಕ್ಕ, ಇದಿನ್ನೂ ಬೇರೇ ಬಿಟ್ಟಿಲ್ಲ!"

"ಬಿಡಲಿ, ಕಾಯ್ತೀನಿ," ಎಂದೆ. "ಬೇರೆ ಯಾರು ಕೇಳಿದ್ರೂ ಮೊದಲು ನಂಗೆ."

ಅವಳು ಮಣ್ಣಿನ ಕೈಯಲ್ಲೇ ಹಣೆಯ ಕೂದಲು ಸರಿಸಿಕೊಂಡು ನಕ್ಕಳು. ನಾನು ತಂಬಿಗೆ ಎತ್ತಿಕೊಂಡು ಗಿಡದ ಬುಡಕ್ಕೆ ನೀರು ಹೊಯ್ದೆ.